ನಾನು ಎತ್ತಿಟ್ಟ ಮೂರು ಕಲ್ಲು

ಕಾಡಂಚಿನ ಹಾಡಿಯ ಆ ಅಜ್ಜ ಪಂಚಾಯ್ತಿ ಆಫೀಸಿಗೆ ಬರುವಾಗ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಂಗಿಯ ಒಳಗೆ ಹೊಟ್ಟೆಗೆ ಒತ್ತಿಕೊಂಡು ತರುತ್ತಿದ್ದ. ರೇಷನ್ ಕಾರ್ಡು, ಆಧಾರ್, ವಿಲೇಜ್ ಆಫೀಸಿನವರು ಕೊಟ್ಟ ಜಾಗದ ಕೈವಶ ಪತ್ರ, ಬ್ಯಾಂಕಿನ ಪಾಸ್‌ಪುಸ್ತಕ. ಒಂದೊಂದನ್ನೂ ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟು, "ಎಲ್ಲಾ ಅದಾ ನೋಡು ಕೂಸೆ," ಅನ್ನುತ್ತಿದ್ದ. ಎಲ್ಲವೂ ಇರುತ್ತಿತ್ತು. ಇಲ್ಲದ್ದು ಮನೆ ಸಿಗುವವರ ಪಟ್ಟಿಯಲ್ಲಿ ಅವನ ಹೆಸರು ಮಾತ್ರ.

ನನಗೆ ನಲವತ್ತು ದಾಟಿದೆ. ಆದರೂ ಅಜ್ಜನಿಗೆ ನಾನು ಕೂಸೇ. ಮಲಯಾಳ ನಾಡಿನ ಪುಲ್ಪಳ್ಳಿ ಕಡೆಯ ಒಂದು ಪಂಚಾಯ್ತಿಯಲ್ಲಿ ಸರ್ಕಾರದ ವಸತಿ ಯೋಜನೆಗೆ ಗುತ್ತಿಗೆಯ ಮೇಲೆ ಕೆಲಸ ಮಾಡುವವಳು ನಾನು. ಅರ್ಜಿ ತುಂಬಿಸುವುದು, ಜಾಗಕ್ಕೆ ಹೋಗಿ ಫೋಟೊ ತೆಗೆಯುವುದು, ಫೈಲು ಎಲ್ಲಿ ನಿಂತಿದೆ ಎಂದು ಹುಡುಕಿ ದೂಡುವುದು. ನಮ್ಮದು ಕನ್ನಡ ಮಾತಾಡುವ ಮನೆ. ಮುತ್ತಾತನ ಕಾಲದಲ್ಲಿ ಹೊಳೆ ದಾಟಿ ಬಂದವರು. ಹೊಳೆಯಂಚಿನ ಕಾಡಿನ ಜನರ ಮಾತು ನಮ್ಮ ಮಾತಿಗೆ ಹತ್ತಿರ. ಹಾಗಾಗಿ ಅವರ ಹಾಡಿಗಳೆಲ್ಲ ಆಫೀಸಿನಲ್ಲಿ ನನ್ನ ಪಾಲಿಗೆ ಬಂದವು. ಮಾತು ಗೊತ್ತು ಅಂದಮೇಲೆ ಮನಸ್ಸೂ ಗೊತ್ತು ಅಂತ ಎಲ್ಲರೂ ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ಅಜ್ಜನಿಗೆ ಮನೆ ಬೇಕಾಗಿದ್ದದ್ದು ಅಜ್ಜಿಗಾಗಿ. ಅವಳಿಗೆ ಉಬ್ಬಸ. ಮಳೆಗಾಲ ಬಂತೆಂದರೆ ಗುಡಿಸಲಿನ ನೆಲ ಒದ್ದೆ, ಹೊದಿಕೆ ಒದ್ದೆ, ಕೂತೇ ಉಸಿರೆಳೆಯಬೇಕು. ಸರ್ಕಾರ ಕಟ್ಟಿಸಿಕೊಡುವ ಮನೆಗೆ ಇಲ್ಲಿ ಎಲ್ಲರೂ ಮಲಯಾಳದ ಹಾಗೆ ವೀಡು ಅನ್ನುತ್ತಾರೆ. "ವೀಡು ಆದ್ರೆ ಇವ್ಳು ಮನ್ಗಿ ನಿದ್ದೆ ಮಾಡ್ತಾಳೆ. ನಂಗೆ ಎಲ್ಲಾದ್ರೂ ಆಯ್ತದೆ," ಅಂತ ಅಜ್ಜ ಪ್ರತಿ ಸಲ ಹೇಳುತ್ತಿದ್ದ. ಹಾಡಿಯವರೆಲ್ಲ ಸೇರುವ ಊರುಕೂಟದಲ್ಲಿ ಅವನ ಹೆಸರು ಎರಡು ಸಲ ಮುಂದೆ ಬಂದು ಎರಡು ಸಲ ಹಿಂದೆ ಹೋಗಿತ್ತು. ಒಮ್ಮೆ ಕೈವಶ ಪತ್ರದ ಅಳತೆ ತಪ್ಪಾಗಿತ್ತು, ಇನ್ನೊಮ್ಮೆ ರೇಷನ್ ಕಾರ್ಡಿನಲ್ಲಿ ಮದುವೆಯಾಗಿ ಹೋದ ಮಗಳ ಹೆಸರು ಉಳಿದುಬಿಟ್ಟಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಮಾತು ನಮ್ಮ ಆಫೀಸನ್ನು ನೋಡಿಯೇ ಹುಟ್ಟಿರಬೇಕು.

ಮೂರನೆಯ ಸಲ ಹೆಸರು ಬಂತು, ನಿಂತಿತು. ಜೂನ್ ಮುಗಿಯುವ ಹೊತ್ತಿಗೆ ನಾನು ಹೋಗಿ ಗುಡಿಸಲಿನ ಮುಂದೆ ಇಬ್ಬರನ್ನೂ ನಿಲ್ಲಿಸಿ ಫೋಟೊ ತೆಗೆದೆ. ಆ ಫೋಟೊ ತೆಗೆಯುವ ಆಪ್ ನಾವು ನಿಂತ ಜಾಗದ ಗುರುತನ್ನೂ ಅದರೊಳಗೆ ಬರೆದುಕೊಳ್ಳುತ್ತದೆ. ಆಮೇಲೆ ತಪಾಸಣೆಯವರು ಅದೇ ಜಾಗಕ್ಕೆ ಬಂದು, ಇದೇ ಗುಡಿಸಲು, ಇದರಲ್ಲಿ ಇವರೇ ಇದ್ದಾರೆ ಎಂದು ಬರೆದರೆ ಮನೆ ಮಂಜೂರು. ಅಜ್ಜ ಫೋಟೊಗೆ ನಿಲ್ಲುವ ಮುಂಚೆ ಒಳಗೆ ಹೋಗಿ ಬೇರೆ ಅಂಗಿ ಹಾಕಿಕೊಂಡು ಬಂದ.

ತಪಾಸಣೆ ತಡವಾಯಿತು. ಜುಲೈಯಲ್ಲಿ ಕರ್ಕಾಟಕ ಮಾಸದ ಮಳೆ ಹಿಡಿದುಕೊಂಡಾಗ ಅಜ್ಜನಿಗೆ ಜ್ವರ ಬಂತು. ಎರಡು ದಿನ ಮಲಗಿದ, ಮೂರನೆಯ ಬೆಳಿಗ್ಗೆ ಏಳಲಿಲ್ಲ. ನನಗೆ ಸುದ್ದಿ ಬಂದಾಗ ಮಣ್ಣೂ ಆಗಿತ್ತು. ವರ್ಷಗಟ್ಟಲೆ ಮೇಜಿನ ಎದುರು ಕಂಡ ಮುಖ. ನಾನು ಆಫೀಸಿನಲ್ಲೇ ಅತ್ತೆ, ಯಾರಿಗೂ ಕಾಣದ ಹಾಗೆ.

ಇಲ್ಲಿ ಆ ಹಾಡಿಯ ಒಂದು ಪದ್ಧತಿ ಹೇಳಬೇಕು. ಗುಡಿಸಲಿನೊಳಗೆ ಸಾವಾದರೆ ಆ ಗುಡಿಸಲು ನಿಲ್ಲಬಾರದು. ಮೂರನೆಯ ದಿನ ಅದನ್ನು ಬಿಚ್ಚುತ್ತಾರೆ. ಗಳು, ತಟ್ಟಿ, ಹುಲ್ಲು ಯಾವುದನ್ನೂ ಮತ್ತೆ ಬಳಸುವುದಿಲ್ಲ. ಒಲೆಯ ಮೂರು ಕಲ್ಲು ಮಾತ್ರ ಇದ್ದಲ್ಲೇ ಇರುತ್ತವೆ, ಹೋದವನಿಗೆ ತನ್ನ ಜಾಗ ತಿಳಿಯಬೇಕಲ್ಲ ಎಂದು. ಆ ನೆಲ ಅವನದು. ಅದರ ಮೇಲೆ ಬದುಕಿದ್ದವರು ಯಾರೂ ಮತ್ತೆ ಮಲಗುವುದಿಲ್ಲ, ಬೆಂಕಿ ಹಚ್ಚುವುದಿಲ್ಲ, ಅವನ ಮನೆಯವರು ಕಾಲೂ ಇಡುವುದಿಲ್ಲ. ಅಜ್ಜಿ ಪಕ್ಕದಲ್ಲೇ ಇದ್ದ ತಂಗಿಯ ಗುಡಿಸಲಿಗೆ ಹೋದಳು.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ, ಫೈಲಿನ ಮೇಲೆ ಒಂದು ಚೀಟಿ ಬರೆದು ಹಚ್ಚಲು ನನಗೆ ತೋಚಲಿಲ್ಲ. ಆಗಸ್ಟಿನಲ್ಲಿ ಬೇರೆ ಆಫೀಸಿನಿಂದ ತಪಾಸಣೆಗೆ ಬಂದವರು ಫೋನು ಹಿಡಿದು ಗುರುತಿದ್ದ ಜಾಗಕ್ಕೆ ಹೋದರೆ ಅಲ್ಲಿ ಹುಲ್ಲು, ಮೂರು ಕಲ್ಲು. "ವಾಸವಿಲ್ಲ, ಸ್ಥಳ ಬಿಟ್ಟು ಹೋಗಿದ್ದಾರೆ" ಎಂದು ಬರೆದು ಹೋದರು. ಅವರದೂ ತಪ್ಪಲ್ಲ, ಕಂಡದ್ದನ್ನು ಬರೆದರು.

ನನ್ನ ಕೈಯಿಂದ ಹೋದ ಫೈಲು ಬಿದ್ದದ್ದಿಲ್ಲ ಎಂದು ನನಗೆ ಸ್ವಲ್ಪ ಜಂಬವಿತ್ತು. ಸ್ವಲ್ಪವೇನು, ಸಾಕಷ್ಟು. ಆ ಷರಾ ಓದಿದ ದಿನ ಪಂಚಾಯ್ತಿ ಸೆಕ್ರೆಟರಿಯ ಮುಂದೆ ಹೋಗಿ ನಿಂತೆ.

"ಅರ್ಜಿದಾರ ತೀರಿಹೋದರು, ಗುಡಿಸಲೂ ಇಲ್ಲ. ಇನ್ನೇನು ಉಳೀತು?" ಅಂದರು ಸೆಕ್ರೆಟರಿ.

"ಹೆಂಡತಿ ಉಳಿದಿದ್ದಾಳೆ ಸಾರ್. ಅದೇ ರೇಷನ್ ಕಾರ್ಡಿನಲ್ಲಿ ಇದ್ದಾಳೆ."

"ಹಾಗಾದರೆ ಹೆಸರು ಬದಲಾಗಬೇಕು. ಊರುಕೂಟದ ತೀರ್ಮಾನ ಬೇಕು. ಗುಡಿಸಲು ಯಾಕಿಲ್ಲ ಅನ್ನೋದಕ್ಕೆ ಸಾಕ್ಷಿ ಬೇಕು. ಎಲ್ಲಾ ತಂದುಕೊಡಿ, ನೋಡೋಣ."

ತಂದುಕೊಡಿ ಅನ್ನುವುದು ಒಂದು ಮಾತು, ತರುವುದು ಐದು ತಿಂಗಳು. ಮೊದಲು ಮರಣ ಪತ್ರ. ಮನೆಯಲ್ಲಿ ಆದ ಸಾವಾದ್ದರಿಂದ ವಾರ್ಡಿನ ಆಶಾ ಕಾರ್ಯಕರ್ತೆಯಿಂದ ಬರೆಸಿಕೊಂಡು ನೋಂದಾಯಿಸಿದೆವು. ಆಧಾರಿನಲ್ಲಿದ್ದ ಅಜ್ಜನ ವಯಸ್ಸು, ರೇಷನ್ ಕಾರ್ಡಿನಲ್ಲಿದ್ದ ವಯಸ್ಸು ಬೇರೆ ಬೇರೆ, ಅದಕ್ಕೊಂದು ಪ್ರಮಾಣಪತ್ರ. ಅಜ್ಜಿ ಅವನ ಹೆಂಡತಿಯೇ ಎನ್ನುವುದಕ್ಕೆ ವಿಲೇಜ್ ಆಫೀಸಿನ ಸಂಬಂಧ ಪತ್ರ. ಅಲ್ಲಿನ ಆಫೀಸರಿಗೆ ಜೀಪು ಸಿಗದೆ, ಸಿಕ್ಕಿದ ದಿನ ದಾರಿಯಲ್ಲಿ ಆನೆ ನಿಂತು, ಎರಡು ಸಲ ಬರುವುದು ತಪ್ಪಿತು. ಬ್ಯಾಂಕಿನಲ್ಲಿ ಅಜ್ಜಿಗೆ ಖಾತೆಯಿರಲಿಲ್ಲ. ಖಾತೆ ತೆರೆಯಲು ಹೋದರೆ ಅವಳ ಹೆಬ್ಬೆಟ್ಟು ಯಂತ್ರಕ್ಕೆ ತಿಳಿಯಲಿಲ್ಲ. ಜೀವಮಾನವಿಡೀ ಗೆಡ್ಡೆ ಅಗೆದ, ಕಳೆ ಕಿತ್ತ ಬೆರಳು, ಗೆರೆಯೇ ಇರಲಿಲ್ಲ. ನಾಲ್ಕನೆಯ ಸಲ ನಡುಬೆರಳು ಇಟ್ಟಾಗ ಯಂತ್ರ ಒಪ್ಪಿತು. ಅಜ್ಜಿ ಆ ಬೆರಳನ್ನು ನೋಡಿಕೊಂಡು ನಕ್ಕಳು. ಅಜ್ಜ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಊರುಕೂಟದಲ್ಲಿ ಹಾಡಿಯ ಹಿರಿಯ ಎದ್ದು ನಿಂತು, ಗುಡಿಸಲು ಬಿಚ್ಚಿದ್ದು ತಮ್ಮ ಪದ್ಧತಿ, ಅಜ್ಜಿ ಎಲ್ಲಿಗೂ ಹೋಗಿಲ್ಲ ಎಂದು ಹೇಳಿದ. ಅದನ್ನು ಮಲಯಾಳದಲ್ಲಿ ಬರೆದು, ಇಪ್ಪತ್ತು ಹೆಬ್ಬೆಟ್ಟು ಒತ್ತಿಸಿ, ಸೆಕ್ರೆಟರಿಯ ಮೇಜಿನ ಮೇಲೆ ಇಟ್ಟೆ. ಮರುತಪಾಸಣೆ ಆಯಿತು. ಜನವರಿ ಕೊನೆಗೆ ಅಜ್ಜಿಯ ಹೆಸರಿಗೆ ಮನೆ ಮಂಜೂರಾಯಿತು. ನಾನು ಆ ದಿನ ಆಫೀಸಿನವರಿಗೆಲ್ಲ ಬಾಳೆಹಣ್ಣು ಕರಿದ ಪಳಂಪೊರಿ ತರಿಸಿಕೊಟ್ಟೆ. ಗೆದ್ದೆ ಅನ್ನಿಸಿತ್ತು.

ಮನೆ ಕಟ್ಟುವ ಕರಾರಿಗೆ ಬೆರಳೊತ್ತಿದ ದಿನ ಅಜ್ಜಿ ನನ್ನನ್ನು ಜಾಗಕ್ಕೆ ಕರೆದುಕೊಂಡು ಹೋದಳು. ಐದು ಸೆಂಟಿನ ಇಳಿಜಾರು. ಮೇಲಿನ ಮೂಲೆಯಲ್ಲಿ ಒಂದು ಹಲಸಿನ ಮರ. ಕೆಳಗೆ ಸಮತಟ್ಟಾದ ಕಡೆ ಹುಲ್ಲು ಮೊಣಕಾಲಿಗೆ ಬೆಳೆದಿತ್ತು. ಅದರೊಳಗೆ ಆ ಮೂರು ಕಲ್ಲು. ಅವಳು ಕೈಯಲ್ಲಿದ್ದ ಕೋಲಿನಿಂದ ಹಲಸಿನ ಮರದ ಬುಡ ತೋರಿಸಿದಳು.

"ವೀಡು ಇಲ್ಲಿ ಕಟ್ಲಿ ಕೂಸೆ. ಅಲ್ಲಿ ಬ್ಯಾಡ. ಅಲ್ಲಿ ಅವ ಮನ್ಗವ್ನೆ."

"ಇಲ್ಲೇ ಕಟ್ಟಿಸ್ತೀನಿ ಅಜ್ಜಿ. ಅಲ್ಲಿಗೆ ಯಾರೂ ಹೋಗಲ್ಲ."

"ಆಫೀಸಿನ ಸಾರು ಬಂದು ಬ್ಯಾರೆ ಹೇಳಿದ್ರೆ?"

"ಆ ಸಾರಿಗೆ ಹೇಳೋಳು ನಾನು," ಅಂದೆ. ಹಾಗೇ ಅಂದೆ. ಆ ಮಾತು ಈಗ ನೆನಪಾದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮೇಸ್ತ್ರಿಯನ್ನು ಹೊಳೆಯಾಚೆಯಿಂದ ಕರೆಸಿದ್ದೆ, ಕನ್ನಡದವನು. ಹಲಸಿನ ಮರದ ಹತ್ತಿರ ನಾಲ್ಕು ಗೂಟ ಹೊಡೆದು ದಾರ ಕಟ್ಟಿದ. ಅಜ್ಜಿ ದಾರದ ಒಳಗೆ ಒಂದು ಸುತ್ತು ನಡೆದು ನೋಡಿ, ಒಳ್ಳೆಯದಾಯ್ತು ಎಂದು, ಮಗಳ ಹೆರಿಗೆ ಇದೆ ಅಂತ ಮರಕ್ಕಡವು ಎಂಬಲ್ಲಿ ದೋಣಿ ಹತ್ತಿ ಆಚೆ ದಡದ ಹಾಡಿಗೆ ಹೋದಳು.

ಅವಳು ಹೋದ ಮೂರನೆಯ ದಿನ ಓವರ್‌ಸಿಯರ್ ಬಂದರು. ಕೆಲಸ ಶುರುವಾಗುವ ಮೊದಲು ಜಾಗ ನೋಡಿ ಸಹಿ ಹಾಕುವವರು ಅವರು. ನನಗಿಂತ ಚಿಕ್ಕವರು, ಅಕ್ಕ ಎಂಬರ್ಥದಲ್ಲಿ ನನ್ನನ್ನು ಚೇಚಿ ಎಂದೇ ಕರೆಯುವವರು, ಒಳ್ಳೆಯವರು. ದಾರದ ಒಳಗೆ ನಿಂತು ತಲೆಯೆತ್ತಿ ನೋಡಿದರು. ಹಲಸಿನ ಕೊಂಬೆಗಳ ಆಚೆ, ಕಾಡಂಚಿಗೆ ಹೋಗುವ ಕರೆಂಟಿನ ದೊಡ್ಡ ಲೈನು. ಟೇಪು ಹಿಡಿದು ಅಳೆದರು.

"ಚೇಚಿ, ಇಲ್ಲಿ ಆಗೋದಿಲ್ಲ. ಲೈನಿಗೆ ಬೇಕಾದಷ್ಟು ದೂರ ಇಲ್ಲ."

"ಲೈನು ಸರಿಸೋದಕ್ಕೆ ಬರೆದರೆ?"

"ಕರೆಂಟಿನ ಆಫೀಸಿಗೆ ಬರೀಬಹುದು. ಆರು ತಿಂಗಳೋ, ವರ್ಷವೋ. ಈ ತಿಂಗಳ ಕೊನೆಗೆ ತಳಪಾಯದ ಫೋಟೊ ಹೋಗದಿದ್ದರೆ ಈ ಮನೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗ್ತದೆ. ನಿಮಗೆ ಗೊತ್ತಲ್ಲ." ಆಮೇಲೆ ಕೆಳಗೆ ಕೈ ತೋರಿಸಿದರು. "ಅಲ್ಲಿ ಸಮ ಇದೆ. ಲೈನಿನಿಂದ ದೂರವೂ ಇದೆ. ಅಲ್ಲಿಗೆ ದಾರ ಹಾಕಿ, ನಾಳೆಯೇ ಸಹಿ ಹಾಕ್ತೇನೆ."

ನಡುವೆ ಬೇರೆ ಜಾಗ ಇದೆಯೇ ಎಂದು ನಾನೂ ಮೇಸ್ತ್ರಿಯೂ ಆ ಮಧ್ಯಾಹ್ನವೆಲ್ಲ ಅಳೆದೆವು. ಮನೆಯ ನಕ್ಷೆಯನ್ನು ಉದ್ದಕ್ಕೆ ತಿರುಗಿಸಿ ನೋಡಿದೆವು, ಅಡ್ಡಕ್ಕೆ ತಿರುಗಿಸಿ ನೋಡಿದೆವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಕ್ಕದವರ ಗಡಿ. ಹೇಗೆ ಇಟ್ಟರೂ ಮನೆಯ ಅರ್ಧ ಆ ಮೂರು ಕಲ್ಲಿನ ಮೇಲೆಯೇ ಬರುತ್ತಿತ್ತು.

ಮರಕ್ಕಡವಿಗೆ ಹೋಗಿ ದೋಣಿ ಹತ್ತಿದರೆ ಆಚೆ ದಡ. ಅಲ್ಲಿಂದ ನಡೆದರೆ ಆ ಹಾಡಿ. ಹೋಗಿ ಬರುವುದು ಅರ್ಧ ದಿನದ ಕೆಲಸ. ಅಜ್ಜಿಯನ್ನು ಕೇಳಿ ಬರಬಹುದಾಗಿತ್ತು. ನಾನು ಹೋಗಲಿಲ್ಲ. ಪುರಸೊತ್ತಿರಲಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ, ಕೇಳಿದರೆ ಅವಳು ಏನು ಹೇಳುತ್ತಾಳೆ ಎಂದು ನನಗೆ ಗೊತ್ತಿತ್ತು. ಬ್ಯಾಡ ಅನ್ನುತ್ತಾಳೆ. ಬೇಡವೆಂದರೆ ಮನೆ ಹೋಯಿತು, ಐದು ತಿಂಗಳ ಓಡಾಟ ಹೋಯಿತು, ಮುಂದಿನ ಮಳೆಗೆ ಅವಳ ಉಬ್ಬಸ. ಇಷ್ಟನ್ನು ಲೆಕ್ಕ ಹಾಕಿದೆ. ಅದರ ಅಡಿಯಲ್ಲಿ, ನನ್ನ ಫೈಲು ಬೀಳಬಾರದು ಎನ್ನುವುದೂ ಇತ್ತು. ಸುಳ್ಳು ಹೇಳುವುದಿಲ್ಲ.

ಮರುದಿನ ಬೆಳಿಗ್ಗೆ ಮೇಸ್ತ್ರಿ ಗೂಟಗಳನ್ನು ಕಿತ್ತು ಕೆಳಗೆ ತಂದ. ಹುಲ್ಲು ಸವರಿದ. ಕಲ್ಲುಗಳ ಹತ್ತಿರ ಬಂದು ಕತ್ತಿ ನಿಲ್ಲಿಸಿದ.

"ಅಕ್ಕಾ, ಒಲೆ ಕಲ್ಲು ಇದು. ಸತ್ತೋರ ಮನೇದು. ನಾನು ಮುಟ್ಟಾಕಿಲ್ಲ."

"ನೀನು ಮುಟ್ಟಬೇಡ," ಅಂದೆ.

ನಾನೇ ಎತ್ತಿದೆ. ಒಂದೊಂದಾಗಿ ಎತ್ತಿ, ಸೆರಗಿಗೆ ಮಸಿ ಹತ್ತಿಸಿಕೊಂಡು, ಇಳಿಜಾರು ಹತ್ತಿ ಹಲಸಿನ ಮರದ ಕೆಳಗೆ ಇಟ್ಟೆ. ಸುಮ್ಮನೆ ಇಡಲಿಲ್ಲ. ಕೆಳಗೆ ಹೇಗಿದ್ದವೋ ಹಾಗೆಯೇ, ಒಲೆಯ ಬಾಯಿ ಮೂಡಣಕ್ಕೆ ಮಾಡಿ, ಅಡಿಯಲ್ಲಿ ಸ್ವಲ್ಪ ಮಣ್ಣು ಕೆದಕಿ ಕೂರಿಸಿ, ಸುತ್ತ ಒಣ ಎಲೆ ಎಳೆದೆ. ಬಹಳ ದಿನದಿಂದ ಅಲ್ಲೇ ಇದ್ದ ಹಾಗೆ ಕಾಣಬೇಕಿತ್ತು. ಬೇರೆ ಯಾರಿಗೂ ಇಂಥ ಉಪಾಯ ಹೊಳೆಯುತ್ತಿರಲಿಲ್ಲ. ಅವರ ಪದ್ಧತಿ ತಿಳಿದವಳು ನಾನೊಬ್ಬಳೇ ಆಗಿದ್ದೆ, ಅದಕ್ಕೇ ಹೊಳೆಯಿತು. ಗುಡಿಸಲು ಇದ್ದದ್ದೆಲ್ಲಿ ಎಂದು ತೋರಿಸಲು ಆ ಕಲ್ಲುಗಳಲ್ಲದೆ ಬೇರೆ ಗುರುತಿರಲಿಲ್ಲ, ಕಲ್ಲು ಮೇಲಿದ್ದರೆ ಗುಡಿಸಲೂ ಮೇಲೆಯೇ ಇತ್ತು ಎಂದಾಗುತ್ತದೆ. ವಯಸ್ಸಾದವಳು, ಹುಲ್ಲೆಲ್ಲ ಹೋಗಿದೆ, ಮಣ್ಣು ಅಗೆದಿದೆ, ತಿಳಿಯಲಿಕ್ಕಿಲ್ಲ ಎಂದುಕೊಂಡೆ. ಮೂವತ್ತು ವರ್ಷ ಒಂದೇ ಕಡೆ ಒಲೆ ಹಚ್ಚಿದ ಹೆಂಗಸಿನ ಬಗ್ಗೆ ಹಾಗಂದುಕೊಂಡೆ.

ತಳಪಾಯ ಎದ್ದಿತು. ಫೋಟೊ ತಿಂಗಳ ಕೊನೆಗೆ ಮೂರು ದಿನ ಇರುವಾಗಲೇ ಹೋಯಿತು.

ಅಜ್ಜಿ ಬಂದದ್ದು ಅದಾದ ಮರುವಾರ. ಮಗಳಿಗೆ ಹೆಣ್ಣು ಕೂಸು ಹುಟ್ಟಿತ್ತು. ಅದನ್ನು ಹೇಳುತ್ತಲೇ ದಾರಿ ಇಳಿದು ಬಂದಳು. ತಳಪಾಯ ಕಂಡಳು. ಅಂಚಿನ ತನಕ ಬಂದಳು, ಅದರ ಮೇಲೆ ಕಾಲಿಡಲಿಲ್ಲ. ಆಮೇಲೆ ತಿರುಗಿ ಮೇಲೆ ನೋಡಿದಳು. ಹಲಸಿನ ಮರದ ಬುಡಕ್ಕೆ ಹತ್ತಿ ಹೋಗಿ ಕೂತಳು. ಒಂದು ಕಲ್ಲಿನ ಮೇಲೆ ಕೈಯಿಟ್ಟಳು. ನಾನು ಲೈನಿನ ವಿಷಯ, ಓವರ್‌ಸಿಯರ್ ಹೇಳಿದ್ದು, ತಿಂಗಳ ಕೊನೆ, ಎಲ್ಲಾ ಒಂದೇ ಉಸಿರಿಗೆ ಹೇಳಿದೆ.

ಅಷ್ಟೂ ಕೇಳಿ ಅವಳು ಒಂದೇ ಪ್ರಶ್ನೆ ಕೇಳಿದಳು. "ಕಲ್ಲ ಎತ್ತಿದ್ದು ಯಾರು?"

ಮೇಸ್ತ್ರಿ ನನ್ನ ಮುಖ ನೋಡಿದ. ಎತ್ತಿದ್ದು ಅವನೇ ಎಂದುಬಿಟ್ಟರೆ ತಪ್ಪು ಅವನ ಮೇಲೆ ಹೋಗುತ್ತಿತ್ತು. ಬಾಯಿವರೆಗೂ ಬಂದಿತ್ತು.

"ನಾನು ಅಜ್ಜಿ," ಅಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೊಳೆ ದಾಟಿ ಬಂದು ಒಂದ್ ಮಾತು ಹೇಳ್ಬೋದಾಗಿತ್ತು," ಅಂದಳು. ಆಮೇಲೆ, "ನಾನು ಬ್ಯಾಡ ಅಂತಿದ್ದೆ ಬುಡು. ನೀ ಬಂದ್ರೂ ಬ್ಯಾಡ ಅಂತಲೇ ಅಂತಿದ್ದೆ," ಅಂದಳು.

ನಿಲ್ಲಿಸಿಬಿಡಲೇ ಎಂದು ಕೇಳಿದೆ. ತಳಪಾಯ ಕೀಳಿಸಲು ಬರುವುದಿಲ್ಲ, ಆದರೂ ಕೇಳಿದೆ. ಅವಳು ಬೇಡವೆಂದು ತಲೆಯಾಡಿಸಿದಳು. ನೆಲ ಒಮ್ಮೆ ಅಗೆದಾಗಿದೆ, ಅರ್ಧಕ್ಕೆ ಬಿಟ್ಟರೆ ಅವನು ಬಯಲಲ್ಲಿ ಬೀಳುತ್ತಾನೆ, ಪೂರ್ತಿ ಮಾಡಲಿ ಎಂದಳು.

ಪೂರ್ತಿಯಾಯಿತು. ಗೋಡೆ ಎದ್ದಿತು, ಲಿಂಟಲ್ ಆಯಿತು, ತಾರಸಿಗೆ ಕಾಂಕ್ರೀಟ್ ಬಿತ್ತು. ಒಂದೊಂದು ಹಂತಕ್ಕೂ ನಾನು ಹೋಗಿ ಫೋಟೊ ತೆಗೆದೆ. ಅಷ್ಟರಲ್ಲಿ ಅಜ್ಜಿ ಹಲಸಿನ ಮರದ ಕೆಳಗೆ ನಾಲ್ಕು ಗಳು ನೆಟ್ಟು, ನೀಲಿ ಪ್ಲಾಸ್ಟಿಕ್ ಹೊದಿಸಿಕೊಂಡಳು. ತಂಗಿಯ ಗುಡಿಸಲಲ್ಲಿ ಜಾಗ ಸಾಲದು ಅಂದಳು. ಗಳುಗಳ ಮೇಲೆ ಕಟ್ಟಿದ ಪ್ಲಾಸ್ಟಿಕ್ಕಿಗೆ ಕರೆಂಟಿನವರ ನಿಯಮ ಅನ್ವಯಿಸುವುದಿಲ್ಲ. ಆ ಮೂರು ಕಲ್ಲು ಅವಳ ತಲೆದೆಸೆಗೆ. ಅದರಲ್ಲಿ ಬೆಂಕಿ ಹಚ್ಚಲಿಲ್ಲ. ಅಡುಗೆಗೆ ಹೊರಗೆ ಬೇರೆ ಕಲ್ಲು ಹೂಡಿಕೊಂಡಳು.

ಕೊನೆಯ ಫೋಟೊಗೆ ಮನೆಯವರು ಬಾಗಿಲ ಮುಂದೆ ನಿಲ್ಲಬೇಕು. ಕರೆದೆ, ಬಂದಳು. ಮೆಟ್ಟಿಲಿನ ಕೆಳಗೇ ನಿಂತಳು. ಅಷ್ಟು ಸಾಕು, ಫೋಟೊದಲ್ಲಿ ಬಾಗಿಲೂ ಬಂತು, ಅವಳೂ ಬಂದಳು. ಆಮೇಲೆ ಆಪ್‌ನಲ್ಲಿ ಒಂದು ಪ್ರಶ್ನೆ: ಕುಟುಂಬ ಮನೆಯಲ್ಲಿ ವಾಸವಾಗಿದೆಯೇ? ಹೌದು, ಇಲ್ಲ ಎಂದು ಎರಡೇ ಉತ್ತರ. ಇಲ್ಲ ಎಂದರೆ ಕೊನೆಯ ಕಂತು ನಿಲ್ಲುತ್ತದೆ, ಮೇಸ್ತ್ರಿಯ ಕೂಲಿ ನಿಲ್ಲುತ್ತದೆ, ಅಜ್ಜಿಗೆ ನೋಟಿಸು ಬರುತ್ತದೆ. ನಾನು ಫೋನು ಹಿಡಿದುಕೊಂಡು ನಿಂತೇ ಇದ್ದೆ.

"ಏನಂತೆ ಅದು?" ಕೇಳಿದಳು.

"ಒಳಗೆ ಯಾರಾದರೂ ಇದ್ದಾರಾ ಅಂತ ಕೇಳ್ತದೆ ಅಜ್ಜಿ."

"ಇದ್ದಾನೆ ಅಂತ ಬರಿ," ಅಂದಳು. "ವೀಡು ಬೇಕು ಅಂತ ಅಷ್ಟು ವರ್ಷ ನಡ್ದೋನು ಅವ್ನೇ ಅಲ್ವಾ. ಅವ್ನಿಗೇ ಆಯ್ತು. ಇನ್ ಸೋರಲ್ಲ."

ಹೌದು ಎಂದು ಒತ್ತಿದೆ. ಫೈಲು ಮುಗಿಯಿತು. ಪಂಚಾಯ್ತಿಯಿಂದ ನಂಬರಿನ ತಗಡು ಬಂದು ಬಾಗಿಲ ಮೇಲೆ ಕೂತಿತು. ಆ ವರ್ಷ ಒಂದು ಫೈಲೂ ಬೀಳದ ವಾರ್ಡು ನಮ್ಮದೇ ಎಂದು ಮೀಟಿಂಗಿನಲ್ಲಿ ಸೆಕ್ರೆಟರಿ ನನ್ನ ಹೆಸರು ಹೇಳಿದರು. ನಾನು ಎದ್ದು ನಿಂತು ಕೈ ಮುಗಿದು ಕೂತೆ. ಕಣ್ಣು ತುಂಬಿತ್ತು, ಸಂತೋಷಕ್ಕೆ ಎಂದುಕೊಂಡರು.

ಈಗ ಮತ್ತೆ ಕರ್ಕಾಟಕ. ಪ್ಲಾಸ್ಟಿಕ್ಕಿನ ಕೆಳಗೆ ಅಜ್ಜಿ ಕೂತೇ ಉಸಿರೆಳೆಯುತ್ತಾಳೆ. ಜಗುಲಿಗಾದರೂ ಬಾ, ಅದು ಮನೆಯ ಒಳಗಲ್ಲವಲ್ಲ ಎಂದು ಕೇಳಿ ನೋಡಿದೆ. ಬರಲಿಲ್ಲ. ಲೈನು ಸರಿಸಲು ಕರೆಂಟಿನ ಆಫೀಸಿಗೆ ಬರೆದಿದ್ದೇನೆ, ಅಂದು ಬರೆಯಬೇಕಾಗಿದ್ದ ಕಾಗದ. ಉತ್ತರ ಬಂದಿಲ್ಲ. ಆಸ್ಪತ್ರೆಯಿಂದ ಉಬ್ಬಸದ ಮದ್ದು ತಂದುಕೊಡುತ್ತೇನೆ. ವಾರಕ್ಕೊಮ್ಮೆ ಹೋದಾಗ ಅವಳು ಸೊಂಟದ ಗಂಟು ಬಿಚ್ಚಿ ಬೀಗದ ಕೈ ತೆಗೆದು ನನ್ನ ಕೈಗೆ ಕೊಡುತ್ತಾಳೆ.

"ನಾನು ಒಳಗೆ ಹೋಗಾಂಗಿಲ್ಲ ಕೂಸೆ. ನೀನು ಹೋಗಿ ಗುಡಿಸಿ ಬಾ. ಅವ್ನಿಗೆ ಧೂಳು ಆಗಲ್ಲ."

ನಾನು ಬೀಗ ತೆಗೆದು, ಕಿಟಕಿಗಳನ್ನು ತೆರೆದು, ಎರಡು ಕೋಣೆ, ಅಡುಗೆಮನೆ, ಜಗುಲಿ ಗುಡಿಸಿ, ಮತ್ತೆ ಬೀಗ ಹಾಕಿ ಬೀಗದ ಕೈಯನ್ನು ಅವಳಿಗೆ ಕೊಟ್ಟು ಬರುತ್ತೇನೆ.